ಎದುರಿನ ಹೋಟೆಲಿನ ಸ್ಪಾನ್ಸರ್

ಧಣಿಗೆ ಅರ್ಜಿ ತುಂಬುವ ತಾಳ್ಮೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ಹೋಟೆಲು ಇಟ್ಟವನು, ಊರಿನಿಂದ ಅಡುಗೆಯವನನ್ನು ಕರೆಸಿಕೊಳ್ಳಲು ಬೇಕಾದ ಸ್ಪಾನ್ಸರ್ ಲೈಸೆನ್ಸು, ವೀಸಾದ ತಲೆನೋವು ಎಲ್ಲವನ್ನೂ ಹೆಂಡತಿಯ ತಲೆಗೆ ಕಟ್ಟಿದ್ದ. ಹೆಂಡತಿ, ಅಡುಗೆಯವನು ಇಬ್ಬರನ್ನೂ ಬಯ್ಯುವ ಕೆಲಸ ಮಾತ್ರ ತಾನೇ ನೋಡಿಕೊಳ್ಳುತ್ತಿದ್ದ.

ಒಂದು ಸಂಜೆ ಅಡುಗೆಯವನು ಕಾವಲಿಯ ಉರಿ ಆರಿಸಿ ಬಂದು ನಿಂತ.

“ಧಣಿ, ನಾಳೆಯಿಂದ ನಾನು ಬರುವುದಿಲ್ಲ.”

“ಎಲ್ಲಿಗೆ ಹೋಗ್ತೀಯಾ ಮಾರಾಯ? ನಾನು ಸ್ಪಾನ್ಸರ್ ಮಾಡಿದ್ದಕ್ಕೆ ನೀನು ಈ ದೇಶದಲ್ಲಿ ಇರುವುದು. ನಾನು ಕೈಬಿಟ್ಟರೆ ನಿನಗೆ ಮಂಗಳೂರಿನ ವಿಮಾನವೇ ಗತಿ.”

“ಬೇರೆಯವರು ಸ್ಪಾನ್ಸರ್ ಮಾಡಿದ್ರು ಧಣಿ. ಹೊಸ ವೀಸಾ ಬಂತು. ಎದುರಿಗೇ ಹೋಟೆಲು ಶುರು ಮಾಡ್ತಾರೆ.”

ಧಣಿ ಗಹಗಹಿಸಿ ನಕ್ಕ. “ಲೈಸೆನ್ಸು ತೆಗೆಯುವುದು ಅಂದ್ರೆ ದೋಸೆ ಹೊಯ್ದ ಹಾಗೆ ಅಂತ ಮಾಡಿದ್ಯಾ? ಆ ಕೆಲಸ ಈ ಬೀದಿಯಲ್ಲಿ ಯಾವನಿಗೆ ಗೊತ್ತುಂಟು? ನನ್ನ ಹೆಂಡತಿಯನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ!”

“ಹೌದು ಧಣಿ. ಅಕ್ಕ ಹೊರಗೆ ವ್ಯಾನಿನಲ್ಲಿ ಕೂತಿದ್ದಾರೆ. ಗ್ರೈಂಡರು ಅವರ ತವರಿನವರು ಕೊಟ್ಟದ್ದಂತೆ, ಎತ್ತಲಿಕ್ಕೆ ಸ್ವಲ್ಪ ಕೈ ಹಾಕ್ತೀರಾ?”

ಆ ಸಂಜೆ ಹೋಟೆಲಿನಿಂದ ಹೋದದ್ದು ಒಬ್ಬ ಅಡುಗೆಯವನು, ಒಬ್ಬಳು ಹೆಂಡತಿ, ಒಂದು ಗ್ರೈಂಡರು.