ಒಂದು ಪಾಯಿಂಟಿಗೆ ಒಂದು ಜೀವ

ಕಬಡ್ಡಿಯಲ್ಲಿ ಔಟಾದವರನ್ನು ಸತ್ತರು ಅನ್ನುತ್ತೇವೆ; ಪಾಯಿಂಟ್ ಬಂದರೆ ಒಬ್ಬರಿಗೆ ಜೀವ ಬರುತ್ತದೆ. ಈಗೀಗ ರೈಡರ್‌ನ ಬಳಗದಲ್ಲಿ ನಿಜವಾಗಿ ಸತ್ತವರೂ ಪಾಯಿಂಟಿಗೊಬ್ಬರಂತೆ ಎದ್ದುಬಂದು, ಆಟ ಮುಗಿಯುವವರೆಗೆ ಬೆಂಚಿನಲ್ಲಿ ಕೂತಿರುತ್ತಾರೆ.

ಈ ಸೀಸನ್ನಿನಲ್ಲಿ ರೂಪಕಲಾಳ ಬೆಂಚು ಪ್ರತಿ ಪಂದ್ಯದಲ್ಲೂ ತುಂಬಿತ್ತು: ಅಪ್ಪ, ಚಿಕ್ಕಪ್ಪ, ಅವಳು ನೋಡೇ ಇರದ ಮುತ್ತಜ್ಜಿ. ಹಾಗಾಗಿಯೇ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾದಳು.

ಇಂದು ಮೊದಲ ರೈಡಿನಲ್ಲೇ ಎದುರಾಳಿಯ ತೋಳು ಮುಟ್ಟಿ, ಉಸಿರು ಬಿಡದೆ ಗೆರೆ ದಾಟಿ ಬಂದಳು. ಯಾವಾಗಲೂ ಮೊದಲು ಬರುವ ಅಪ್ಪನಿಗಾಗಿ ಬೆಂಚಿನತ್ತ ತಿರುಗಿದಳು.

ಅವ್ವ ಕೂತಿದ್ದಳು. ಬೆಳಿಗ್ಗೆ ಬಸ್ಸು ಹತ್ತಿಸಲು ಬಂದಾಗ ಉಟ್ಟಿದ್ದ ಅದೇ ಹಸಿರು ಸೀರೆ.

"ಅವ್ವಾ, ನೀನು... ಯಾವಾಗ?"

"ನೀನು ಬಸ್ ಹತ್ತುದ್ ಮೇಲೆ ಕಣ್ ಮಗ. ಅಳ್ಬೇಡ, ಉಸ್ರು ಉಳಿಸ್ಕೊ."