ನಲವತ್ತು ಬಾರುಗಳ ಹುಲಿ

ಶಾಂಘೈನ ಬಾರ್ ಬೀದಿಯ ನಲವತ್ತು ಬಾರುಗಳನ್ನು ಒಂದೇ ಸಂಜೆ ಕುಡಿದು ಬರಿದು ಮಾಡಿದವನು ನಾನು. ಮಾಲೀಕರೆಲ್ಲ ಸಾಲಾಗಿ ನಿಂತು ಕೈಮುಗಿದರು. ಮರುದಿನ ಹಡಗಿನಲ್ಲಿ ಮದ್ಯ ತರಿಸಬೇಕಾಯಿತು. ಐದು ವರ್ಷ ಅಲ್ಲಿದ್ದು ಬಂದ ಮೇಲೆ ಇದನ್ನು ಅಣ್ಣನಿಗೆ ನೂರು ಸಲ ಹೇಳಿದ್ದೇನೆ. ನೂರು ಸಲವೂ ಅವನು ನಂಬಿದ್ದ.

ಅಣ್ಣನ ಲಿವರ್ ಕೈಕೊಟ್ಟಾಗ ಡಾಕ್ಟರು, "ಒಡಹುಟ್ಟಿದವರು ಲಿವರಿನ ಒಂದು ತುಂಡು ಕೊಟ್ಟರೆ ಬದುಕ್ತಾರೆ" ಎಂದರು. ಎಲ್ಲರೂ ನನ್ನ ಕಡೆ ನೋಡಿದರು.

"ಇವನದಾ? ಶಾಂಘೈನೇ ಕುಡ್ದು ಖಾಲಿ ಮಾಡ್ದೋನು, ಡಾಕ್ಟ್ರೇ!" ಅಣ್ಣ ಮಲಗಿದಲ್ಲಿಂದಲೇ ಹೆಮ್ಮೆಯಿಂದ ನಕ್ಕ. "ಇವನಿಗೆ ಲಿವರ್ ಎಲ್ಲುಳ್ದಿರುತ್ತೆ? ಪಾಪ, ಬಿಟ್ಬಿಡಿ."

"ಒಂದೆರಡಲ್ಲ, ನಲವತ್ತು ಬಾರು" ಎಂದು ನಾನೂ ನಕ್ಕೆ.

ನನ್ನನ್ನು ಯಾರೂ ಪರೀಕ್ಷೆಗೂ ಕರೆಯಲಿಲ್ಲ. ಬೇರೆ ಯಾರ ಲಿವರೂ ಹೊಂದಲಿಲ್ಲ. ಅಣ್ಣ ಹೋದ.

ಹನ್ನೊಂದನೆಯ ದಿನ ಊಟಕ್ಕೆ ಮುಂಚೆ ಅತ್ತಿಗೆಯ ತಮ್ಮ ಹಿತ್ತಲಲ್ಲಿ ನನ್ನ ಕೈಗೆ ಬ್ರಾಂದಿ ಗ್ಲಾಸು ಕೊಟ್ಟ. "ತಗೊಳ್ಳಪ್ಪ ಶಾಂಘೈ ಹುಲಿ, ಭಾವನ ಹೆಸರಲ್ಲಿ ಒಂದು ಗುಟುಕು."

ಆ ಒಂದು ಗುಟುಕಿಗೇ ಗಂಟಲು ಉರಿದು, ಕಣ್ಣಲ್ಲಿ ನೀರು ಬಂದು, ಅಷ್ಟನ್ನೂ ಕೆಮ್ಮಿ ಉಗುಳಿದೆ. ತಲೆಯೆತ್ತಿದರೆ ಹಿತ್ತಲ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು.

"ಅಲ್ಲಿ ಏನು ಕುಡೀತಿದ್ದೆ ನೀನು?"

"ಟೀ, ಅತ್ತಿಗೆ. ತಣ್ಣಗಿನ ಟೀ. ನಮ್ಮ ಬಾರಿಗೆ ಪರದೇಶದವರೂ ಬರ್ತಾರೆ ಅಂತ ಬೀದೀಲಿ ಹೋಗೋರಿಗೆ ಕಾಣಬೇಕಲ್ಲ, ಅದಕ್ಕೆ ಗ್ಲಾಸ್ ಹಿಡ್ಕೊಂಡು ಕಿಟಕಿ ಪಕ್ಕ ಕೂರೋಕೆ ಬಾರಿನವ್ರು ನಂಗೆ ಸಂಬಳ ಕೊಡ್ತಿದ್ರು. ಹೆಂಡ ಬಾಯಿಗಿಟ್ಟಿದ್ದು ಇವತ್ತೇ ಮೊದಲು."