ಹೆಬ್ಬೆಟ್ಟಿನ ಸಾಕ್ಷಿ

ಎಲಿಕೆಮ್ ನೋಟಿಸ್ ಬೋರ್ಡಿನ ಗಾಜಿಗೆ ಗುದ್ದಿದ ಸದ್ದಿಗೆ ವಿದ್ಯಾರ್ಥಿವೇತನ ಕಚೇರಿಯ ಗುಮಾಸ್ತೆ ಎನ್ಯೊನಮ್ ಹೊರಗೆ ಓಡಿ ಬಂದಳು.

"ಗಾಜು ಒಡೆದ್ರೆ ಅದರಲ್ಲಿ ನಿನ್ನ ಹೆಸರು ಬಂದ್ಬಿಡುತ್ತಾ?"

ಆಫ್ರಿಕದ ಕಲೆ, ಸಂಸ್ಕೃತಿಗಳ ಮೇಲೆ ಪಿಎಚ್.ಡಿ. ಮಾಡುವವರಿಗೆ ನಾಲ್ಕು ವರ್ಷದ ಪೂರ್ತಿ ಖರ್ಚು ಕೊಡುವ ವಿದ್ಯಾರ್ಥಿವೇತನ. ಈ ಸಲ ಇಡೀ ಘಾನಾಕ್ಕೆ ಒಂದೇ ಒಂದು. ಅದರ ಮುಂದೆ ಅಚ್ಚಾಗಿದ್ದ ಹೆಸರು ಎ. ಕೆ. ಸೊಕ್ಪೊಲಿ. ವಿಷಯ: ಎವೆ ಜನಾಂಗದ ನೇಕಾರರ ಕೇಟೆ ಬಟ್ಟೆ, ಅದರ ವಿನ್ಯಾಸಗಳ ಹೆಸರು ಮತ್ತು ಅರ್ಥ.

ಅದು ಎಲಿಕೆಮ್‌ನ ವಿಷಯ. ಎರಡು ವರ್ಷ ಅದಕ್ಕಾಗಿ ಅಲೆದಿದ್ದ.

"ಯಾವನು ಈ ಸೊಕ್ಪೊಲಿ? ಯಾವ ಪ್ರೊಫೆಸರನ ಅಳಿಯ?"

"ಯಾರ ಅಳಿಯನೂ ಅಲ್ಲ. ಸಂದರ್ಶನ ಅರ್ಧ ಗಂಟೆ ಅಂತಿತ್ತು, ಎರಡು ಗಂಟೆ ನಡೀತು. ಅವರು ಎದ್ದು ಹೊರಟಾಗ ಒಳಗಿದ್ದ ಐದು ಜನಾನೂ ಎದ್ದು ನಿಂತ್ರು. ಹದಿನಾಲ್ಕು ವರ್ಷದಲ್ಲಿ ಹಾಗೆ ಆಗಿದ್ದು ನಾನು ನೋಡಿಲ್ಲ."

"ಅಷ್ಟು ಚೆನ್ನಾಗಿ ತಿನ್ನಿಸಿರಬೇಕು."

ಎನ್ಯೊನಮ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿನ್ನ ಅರ್ಜೀಲಿ ಇಪ್ಪತ್ತಾರು ವಿನ್ಯಾಸ ಇದ್ವು. ಅವರದ್ರಲ್ಲಿ ನೂರಾ ನಲವತ್ತು. ನಿನ್ನ ಇಪ್ಪತ್ತಾರೂ ಅದರೊಳಗೇ ಇದ್ವು."

"ಅವುಗಳ ಅರ್ಥ?"

"ಒಂದಕ್ಷರ ವ್ಯತ್ಯಾಸ ಇಲ್ಲ. ನಿನ್ನದ್ರಲ್ಲಿ ಎರಡು ತಪ್ಪಿತ್ತಂತೆ, ಅಷ್ಟೆ."

ಆ ಅರ್ಥಗಳು ಯಾವ ಪುಸ್ತಕದಲ್ಲೂ ಇರಲಿಲ್ಲ. ಕೇಟಾ ಹಿನ್ನೀರಿನ ಪಕ್ಕದ ಹಳ್ಳಿಯಲ್ಲಿ, ಡೆಲಾಳ ತಾಯಿ ಎಂದು ಊರು ಕರೆಯುವ ಒಬ್ಬ ಮುದುಕಿಯ ಬಾಯಲ್ಲಿ ಮಾತ್ರ ಇದ್ದವು. ಅವನು ಆ ಅಂಗಳದಲ್ಲಿ ಕೂತು, ರೆಕಾರ್ಡರ್ ಹಿಡಿದು, ಒಂದೊಂದಾಗಿ ಹೊರಗೆ ತೆಗೆಸಿದ್ದ. ತನ್ನ ಹಿಂದೆಯೇ ಇನ್ನೊಬ್ಬ ಅಲ್ಲಿಗೆ ಹೋಗಿದ್ದಾನೆ. ಮುದುಕಿ ಪಾಪ, ಕೇಳಿದವರಿಗೆಲ್ಲ ಹೇಳಿದ್ದಾಳೆ.

ಅಕ್ರಾದ ಬಸ್ ನಿಲ್ದಾಣದ ಜೆರಾಕ್ಸ್ ಅಂಗಡಿಯಲ್ಲಿ ನಿಂತೇ ದೂರು ಟೈಪ್ ಮಾಡಿಸಿದ. ಪಕ್ಕದ ಅಂಗಡಿಯಲ್ಲಿ ಒಂದು ಇಂಕ್ ಪ್ಯಾಡ್ ಕೊಂಡ. ಟ್ರೊಟ್ರೊ ವ್ಯಾನಿನಲ್ಲಿ ಮೂರು ಗಂಟೆ, ಮಡಿಲಲ್ಲಿ ಯಾರದೋ ಈರುಳ್ಳಿ ಚೀಲ. ಪಕ್ಕದವನು ಮಾತಿಗೆಳೆದಾಗ ಕಚ್ಚುವಂತೆ ನೋಡಿದ. ದಾರಿಯುದ್ದಕ್ಕೂ ಸೊಕ್ಪೊಲಿಯ ಮುಖವನ್ನು ಕಲ್ಪಿಸಿಕೊಂಡು ಅದಕ್ಕೆ ಹೊಡೆಯುತ್ತಲೇ ಬಂದ.

ಮುದುಕಿ ತೆಂಗಿನ ಮರದ ನೆರಳಿನಲ್ಲಿ ಮಗ್ಗಕ್ಕೆ ಕೂತಿದ್ದಳು. ಬೇಲಿಯಾಚೆ ಹೋಗುತ್ತಿದ್ದ ಮಧ್ಯವಯಸ್ಸಿನ ಮೀನುಗಾರನೊಬ್ಬ ಟೋಪಿ ತೆಗೆದು, "ನಮಸ್ಕಾರ ಮೇಡಂ" ಎಂದು ಹೋದ. ಹಳ್ಳಿಯವರ ತಮಾಷೆ ಎಂದುಕೊಂಡ ಎಲಿಕೆಮ್.

"ಬಾ. ಮುಖ ಯಾಕೆ ಹಾಗೆ ಉರೀತಿದೆ? ಅಕ್ಪ್ಲೆ ಮುದ್ದೆ ಇದೆ, ಮೀನಿನ ಸಾರಿದೆ. ಮೊದಲು ತಿನ್ನು."

"ತಿನ್ನೋಕೆ ಬಂದಿಲ್ಲ ಅಜ್ಜಿ. ನಿಮ್ಮ ಬಾಯಿಂದ ಬಂದದ್ದನ್ನ ಒಬ್ಬ ಕಳ್ಳ ಎತ್ಕೊಂಡು ಹೋಗಿ, ತನ್ನದು ಅಂತ ಹೇಳ್ಕೊಂಡಿದ್ದಾನೆ!"

ಲಾಳಿ ನಿಂತಿತು. "ಹೌದಾ? ಅಂಥವರಿಗೆ ಏನು ಮಾಡಬೇಕು?"

"ಇನ್ನೊಂದು ಸಲ ಯಾವ ವಿಶ್ವವಿದ್ಯಾಲಯದ ಮೆಟ್ಟಿಲೂ ಹತ್ತಬಾರದು, ಹಾಗೆ ಮಾಡಬೇಕು."

"ಆಮೇಲೆ ನೀನೇ ಅಯ್ಯೋ ಅನ್ನಬಾರದು."

"ಅನ್ನಲ್ಲ. ಸೊಕ್ಪೊಲಿ ಅಂತ. ಇಲ್ಲಿಗೆ ಬಂದಿದ್ನಾ?"

"ಬರೋದೇನು? ಇಲ್ಲೇ ಹುಟ್ಟಿ ಬೆಳೆದ ಮನೆತನ ಅದು."

"ಊರಿನವನೇ! ಅಂದ್ಕೊಂಡೆ!" ಅವನು ಕಾಗದ ಬಿಡಿಸಿ, ಇಂಕ್ ಪ್ಯಾಡಿನ ಮುಚ್ಚಳ ತೆಗೆದ. "ಓದಕ್ಕೆ ಬರದಿದ್ರೆ ಏನೀಗ, ಕೆಳಗೆ ಹೆಬ್ಬೆಟ್ಟು ಒತ್ತಿ ಸಾಕು. ಉಳಿದದ್ದು ನಾನು ನೋಡ್ಕೋತೀನಿ."

ಮುದುಕಿ ಪ್ಯಾಡಿನ ಕಡೆ ನೋಡಲಿಲ್ಲ. ಕಾಗದ ತೆಗೆದುಕೊಂಡು ತೋಳುದ್ದ ದೂರ ಹಿಡಿದಳು. ಆಮೇಲೆ ಸ್ಪಷ್ಟವಾದ ಇಂಗ್ಲಿಷಿನಲ್ಲಿ, ತರಗತಿಗೆ ಕೇಳಿಸುವಂತೆ ಓದಿದಳು:

"'ನಾನು ಸ್ವಂತ ಶ್ರಮದಿಂದ ಕಂಡುಹಿಡಿದ ವಿನ್ಯಾಸಗಳನ್ನು ಸೊಕ್ಪೊಲಿ ಎಂಬಾತ ಕದ್ದಿದ್ದಾನೆ. ಇದಕ್ಕೆ ಒಬ್ಬ ಅನಕ್ಷರಸ್ಥ ಹಳ್ಳಿ ಹೆಂಗಸು ಸಾಕ್ಷಿ.'"

ಎಲಿಕೆಮ್ ಇಂಕ್ ಪ್ಯಾಡಿನ ಮುಚ್ಚಳ ಹಾಕಿದ.

"ಕಂಡುಹಿಡಿದ್ಯಾ?" ಅವಳ ದನಿ ಏರಲಿಲ್ಲ. "ನನ್ನ ಅಂಗಳದಲ್ಲಿ ಕೂತು, ನನ್ನ ಸಾರು ತಿಂದು, ಕಂಡುಹಿಡಿದ್ಯಾ? ಎರಡು ವರ್ಷ ಈ ಬಟ್ಟೆ ಹೆಸರೇನು, ಆ ಬಟ್ಟೆ ಹೆಸರೇನು ಅಂತ ಪ್ರಾಣ ತಿಂದೆ. ನನ್ನ ಹೆಸರೇನು ಅಂತ ಒಂದು ದಿನ ಕೇಳಿದ್ಯೇನೋ?"

ನಿಜವಾಗಿಯೂ ಅವನು ಕೇಳಿರಲಿಲ್ಲ.

ಅವಳು ಅವನ ಜೇಬಿನಿಂದಲೇ ಪೆನ್ನು ಎಳೆದುಕೊಂಡಳು. ಮೊದಲು ಎರಡು ಕಾಗುಣಿತದ ತಪ್ಪು ತಿದ್ದಿದಳು. 'ಅನಕ್ಷರಸ್ಥ' ಎಂಬ ಪದವನ್ನು ಹೊಡೆದು ಹಾಕಿದಳು. ಆರೋಪಿಯ ಹೆಸರಿನ ಮೇಲೂ ಒಂದು ಗೆರೆ ಎಳೆದು, ಅದರ ಪಕ್ಕದಲ್ಲಿ ಎಲಿಕೆಮ್ ಡೊಟ್ಸೆ ಎಂದು ಬರೆದಳು.

"ಉಳಿದದ್ದೆಲ್ಲ ಸರಿಯಾಗಿದೆ," ಎಂದು ಕೆಳಗೆ ಸಹಿ ಹಾಕಿ ಕಾಗದವನ್ನು ಅವನ ಎದೆಗೆ ಒತ್ತಿದಳು. "ತಗೊಂಡು ಹೋಗಿ ನೀನೇ ಕೊಡು."

ದೂರುದಾರರ ಜಾಗದಲ್ಲಿ ದುಂಡಗಿನ ಅಕ್ಷರಗಳಿದ್ದವು: ಅಫಿ ಕಫುಯಿ ಸೊಕ್ಪೊಲಿ, ಎಂ.ಎ., ನಿವೃತ್ತ ಮುಖ್ಯೋಪಾಧ್ಯಾಯಿನಿ.